ಚಾದರ ನೋಡಿ ಹೇಳುವ ಆಯಿ

ಜೇವರ್ಗಿಯ ಲಾಡ್ಜಿನ ಆಯಿ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಆಳಂದದ ಬಸ್ ನಿಲ್ದಾಣದಲ್ಲಿ, ಅದೂ ಬಾಯಿ ತುಂಬ ಬಾಳೆಹಣ್ಣು ಇದ್ದಾಗ. ಹೇಳಿದವರು ಅದೇ ಲಾಡ್ಜಿನ ಹಳೆಯ ಮ್ಯಾನೇಜರ್. "ಆಯಿ ಹೋದ್ಳ್ರಿ, ಹ್ವಾದ ತಿಂಗಳ," ಎಂದು ಪಕ್ಕದಲ್ಲಿ ಕುಳಿತರು. "ಬಾಳ ತ್ರಾಸ ಆಗಲಿಲ್ಲ. ದವಾಖಾನ್ಯಾಗ ಮಲಗಿಸಿದ್ವಿ. ಕಡೀ ಮಾತ ಏನಂದ್ಳು ಗೊತ್ತದನು? ಈ ಚಾದರ ಒಗದಾವ್ರ ಯಾರು, ಅವ್ರ್ನ ಕರ್ಕೊಂಡ ಬರ್ರಿ ಅಂದ್ಳು." ನನಗೆ ನಗು ಬಂತು, ಬಾಳೆಹಣ್ಣು ಗಂಟಲಲ್ಲಿ ಸಿಕ್ಕಿತು, ಕಣ್ಣಲ್ಲಿ ನೀರು ಬಂತು. ಮ್ಯಾನೇಜರ್ ಅದನ್ನು ದುಃಖವೆಂದೇ ತಿಳಿದು ಬೆನ್ನು ತಟ್ಟಿದರು. ದುಃಖವೂ ಆಯಿತು ಬಿಡಿ, ಸುಳ್ಳು ಯಾಕೆ ಹೇಳಲಿ.

ಆಕೆಗೆ ಒಂದು ಹೆಸರಿತ್ತು. ಮ್ಯಾನೇಜರಿಗೆ ಅದು ಗೊತ್ತೂ ಇತ್ತು. ಹೆಸರು ಹಿಡಿದು ಕರೆಯುವ ಧೈರ್ಯ ಮಾತ್ರ ಅವರಿಗೂ ಇರಲಿಲ್ಲ, ಲಾಡ್ಜಿನ ಮಾಲೀಕರಿಗೂ ಇರಲಿಲ್ಲ. ನಮ್ಮ ಕಡೆ ಅಜ್ಜಿಯನ್ನು ಕರೆದಂತೆ ಎಲ್ಲರೂ ಆಯಿ ಎನ್ನುತ್ತಿದ್ದರು. ನಾನು ಮೊದಲು ನೋಡಿದಾಗ ಆಕೆಗೆ ಐವತ್ತೂ ಆಗಿರಲಿಕ್ಕಿಲ್ಲ. ಗಿಡ್ಡ ಆಳು, ಕಚ್ಚೆ ಹಾಕಿದ ಸೀರೆ, ಬಟ್ಟೆ ಸೋಡಾದ ನೀರಿನಲ್ಲಿ ಬೆಂದು ಬೆಳ್ಳಗಾದ ಬೆರಳುಗಳು. ಲಾಡ್ಜಿನ ಖೋಲಿಗಳನ್ನು ಗುಡಿಸುವುದು, ಒರೆಸುವುದು, ಹಾಸಿಗೆ ಹಾಕುವುದು, ಚಾದರ ಒಗೆಯುವುದು ಆಕೆಯ ಕೆಲಸ. ಹಾಗೆಂದು ಕಾಗದದ ಮೇಲೆ. ನಿಜವಾಗಿ ಆ ಲಾಡ್ಜನ್ನು ಆಳುತ್ತಿದ್ದದ್ದೇ ಆಕೆ.

ಎಂಬತ್ತರ ದಶಕದ ಮೊದಲ ವರ್ಷಗಳವು. ನಾನು ಆಳಂದದ ಹುಡುಗ, ಕಾಲುವೆ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ಸಿಕ್ಕಿ ಜೇವರ್ಗಿಗೆ ಬಂದಿದ್ದೆ. ಒಂಟಿ ಗಂಡಸಿಗೆ ಅಲ್ಲಿ ಯಾರೂ ಬಾಡಿಗೆ ಮನೆ ಕೊಡುತ್ತಿರಲಿಲ್ಲ. "ಮದಿವಿ ಆಗ್ಯಾದನ್ರಿ?" ಎಂದು ಕೇಳುವರು, ಇಲ್ಲ ಎಂದರೆ ಬಾಗಿಲು ಹಾಕಿಕೊಳ್ಳುವರು. ಹಾಗಾಗಿ ಹೊಸದಾಗಿ ಊರಿಗೆ ಬಂದ ಮಾಸ್ತರ, ಬ್ಯಾಂಕಿನವ, ದನದ ಡಾಕ್ಟರು, ಮದುವೆಯಾಗದವರೆಲ್ಲ ಬಸ್ ನಿಲ್ದಾಣದ ಹತ್ತಿರದ ಆ ಲಾಡ್ಜಿನಲ್ಲೇ ತಿಂಗಳುಗಟ್ಟಲೆ ಬೀಡುಬಿಡುತ್ತಿದ್ದರು. ಕೆಳಗೆ ಖಾನಾವಳಿ, ಮೇಲೆ ಎಂಟು ಖೋಲಿ.

ನಾನು ಟ್ರಂಕು ಹೊತ್ತು ಮೆಟ್ಟಿಲು ಹತ್ತುತ್ತಿದ್ದರೆ ಮೇಲಿನ ಮೆಟ್ಟಿಲ ಮೇಲೆ ಕಸಬರಿಗೆ ಹಿಡಿದು ಆಯಿ ನಿಂತಿದ್ದಳು.

"ಅಲ್ಲೇ ನಿಂದರು. ಯಾವೂರು?"

"ಆಳಂದ್ರಿ."

"ನಾ ನಿಮ್ಮ ಬಾಜೂ ಖಜೂರಿದಾಕಿ. ನಿಮ್ಮ ಕಡಿ ಧೂಳ ನನಗ ಬರೋಬ್ಬರಿ ಗೊತ್ತದ. ಕಾಲ ತೊಳ್ಕೊಂಡ ಬಾ."

ಕೆಳಗೆ ಮ್ಯಾನೇಜರ್ ಕಡೆ ನೋಡಿದೆ. ಅವರು ಪೇಪರಿನಿಂದ ಮುಖ ಮುಚ್ಚಿಕೊಂಡರು. ಟ್ರಂಕು ಹೊತ್ತೇ ಕೆಳಗಿಳಿದು ನಳದ ಹತ್ತಿರ ಹೋದೆ. ಹಿಂದಿನಿಂದ ದನಿ ಬಂತು: "ಹಿಮ್ಮಡಾನೂ ತೊಳಿ, ಬರೀ ಮುಂದಿಂದಷ್ಟ ತೊಳದ ಬರಬ್ಯಾಡ!"

ಜೇವರ್ಗಿಯ ಬಿಸಿಲನ್ನು ಎಲ್ಲರೂ ಬೈಯುತ್ತಾರೆ. ಅದನ್ನು ಹೊಗಳುತ್ತಿದ್ದ ಒಬ್ಬಳೇ ಮನುಷ್ಯಳನ್ನು ನಾನು ಬಲ್ಲೆ. ಮಧ್ಯಾಹ್ನ ನೆತ್ತಿ ಸುಡುವ ಹೊತ್ತಿಗೆ ಆಯಿ ಎಂಟೂ ಖೋಲಿಗಳ ಗಾದಿಗಳನ್ನು ಎಳೆದು ಮಾಳಿಗೆಯ ಮೇಲೆ ಹಾಸುವಳು, ನಾಲ್ಕು ಗಂಟೆಯ ತನಕ ಕೆಳಗೆ ತರುತ್ತಿರಲಿಲ್ಲ. ಅಷ್ಟರಲ್ಲಿ ತಿಗಣೆ ಸಾಯಲೆಂದು ಕುದಿಯುವ ನೀರು ತಂದು ಮಂಚದ ಸಂದುಗಳಿಗೆ ಹೊಯ್ಯುವಳು, ಮಂಚದ ನಾಲ್ಕೂ ಕಾಲುಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿನ ಡಬ್ಬಿಗಳಲ್ಲಿ ಇಡುವಳು. ಊಟ ಮಾಡಿ ಒಂದು ಕೋಳಿನಿದ್ದೆ ತೆಗೆಯಬೇಕೆಂದು ಬಂದವರು ಬರೀ ಹಲಗೆಯ ಮೇಲೆ ಒದ್ದಾಡಬೇಕು. ಒಬ್ಬ ಬಟ್ಟೆ ವ್ಯಾಪಾರಿ ಜಗಳಕ್ಕೇ ನಿಂತ: "ಖೋಲಿಗಿ ಬಾಡಗಿ ಕೊಟ್ಟೇನಿ, ಗಾದಿ ಯಾಕ ಒಯ್ತಿ?"

"ಖೋಲಿಗಿ ಕೊಟ್ಟೀರಿ, ತಗಣಿಗಿ ಕೊಟ್ಟಿಲ್ಲಲಾ. ತಗಣಿ ಬೇಕಾದ್ರ ಹೇಳ್ರಿ, ಬಾಜೂ ಲಾಡ್ಜಿನ್ಯಾಗ ಭರ್ತಿ ಅವ."

ಆಕೆ ಬೈದರೆ ಪುಣ್ಯ. ಬೈಯದಿದ್ದರೆ ಗ್ರಹಚಾರ. ಅಫಜಲಪುರದಿಂದ ಬಂದಿದ್ದ ಗುತ್ತಿಗೆದಾರನೊಬ್ಬ ಎಲೆಅಡಿಕೆ ತಿಂದು ದಿಂಬಿನ ಕವರಿಗೇ ಬಾಯಿ ಒರೆಸಿಕೊಂಡಿದ್ದ. ಆಯಿ ಒಂದು ಮಾತೂ ಆಡಲಿಲ್ಲ. ಆ ಕವರನ್ನು ತಂದು ರಸ್ತೆಯ ಕಡೆಯ ಕಟಕಟೆಗೆ ನಾಲ್ಕೂ ಮೂಲೆ ಎಳೆದು ಕಟ್ಟಿದಳು. ನಡುವೆ ಕೆಂಪು ತುಟಿಗಳ ಗುರುತು. ಕಲಬುರ್ಗಿಯ ಬಸ್ಸು ಬಂದು ನಿಂತಾಗ ಪ್ರಯಾಣಿಕರೆಲ್ಲ ಅತ್ತ ಬಗ್ಗಿ ನೋಡಿದರು. "ಮೂರ ನಂಬರ್ ಖೋಲೀದು," ಎಂದು ಕೆಳಗಿನ ಚಹಾದ ಅಂಗಡಿಯವನು ಕೇಳಿದವರಿಗೂ ಕೇಳದವರಿಗೂ ಹೇಳಿದ. ಗುತ್ತಿಗೆದಾರ ಹಿಂಬಾಗಿಲಿನಿಂದ ಹೋದ. ಮುಂದಿನ ಸಲ ಬಂದಾಗ ಚೀಲದಿಂದ ತನ್ನದೇ ಟವೆಲ್ ತೆಗೆದು ದೂರದಿಂದಲೇ ಆಯಿಗೆ ತೋರಿಸಿದ.

ಇದೆಲ್ಲ ಶುಚಿಯ ಮಾತಾಯಿತು. ಆಕೆಯ ವಿದ್ಯೆ ಬೇರೆಯೇ ಇತ್ತು. ಹರೆಯದಲ್ಲಿ ಕೆಲವು ವರ್ಷ ಸೊಲ್ಲಾಪುರದ ಒಂದು ದವಾಖಾನೆಯಲ್ಲಿ ಕೆಲಸ ಮಾಡಿದ್ದಳಂತೆ. ಅಲ್ಲಿನ ಹಿರಿಯ ನರ್ಸಮ್ಮ ದಿನಾ ಬೆಳಿಗ್ಗೆ ಚಾದರ ತೆಗೆಯುವ ಮುಂಚೆ, ಅದರ ಮೇಲೆ ಏನು ಕಂಡಿತು ಎಂದು ಈಕೆಯಿಂದ ಬಾಯಿಬಿಡಿಸುತ್ತಿದ್ದಳಂತೆ. ರೋಗಿ ಯಾವ ಮಗ್ಗುಲಲ್ಲಿ ಮಲಗಿದ್ದ, ಎಷ್ಟು ಬೆವರಿದ್ದ, ಒದ್ದಾಡಿದನೋ ನಿದ್ದೆ ಮಾಡಿದನೋ ಎಲ್ಲ. ಆ ಅಭ್ಯಾಸ ಜೇವರ್ಗಿಗೂ ಬಂತು. ಅತಿಥಿ ಬೆಳಿಗ್ಗೆ ಹೊರಬಿದ್ದ ಕೂಡಲೇ ಆಯಿ ಖೋಲಿಯೊಳಗೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು, ಒಂದು ಗಳಿಗೆ ಚಾದರವನ್ನೇ ನೋಡುತ್ತ ನಿಲ್ಲುವಳು. ಆಮೇಲೆ ತೀರ್ಪು.

"ಎರಡ ನಂಬರ್ ಮಾಸ್ತರಂದು ಸೋಮವಾರ ಒಪ್ಪತ್ತಂತ. ದಿಂಬಿನ ಬುಡಕ ಮಿರ್ಚಿ ಭಜೀದ ಎಣ್ಣಿ ಅದ."

"ಐದ ನಂಬರಿನವಗ ಮೊಣಕಾಲ ಬ್ಯಾನಿ ಅದ. ರಾತ್ರಿ ಎಲ್ಲಾ ಒಂದ ಮಗ್ಗಲಾದಾಗೇ ಮಲಗ್ಯಾನ, ಪಾಪ." ಸಂಜೆ ಅವನಿಗೆ ಎಳ್ಳೆಣ್ಣೆ ಬಿಸಿ ಮಾಡಿ ಕೊಟ್ಟಾಗ ಅವನು ಗಾಬರಿಯಾಗಿ, ನಿಮಗೆ ಯಾರು ಹೇಳಿದರು ಎಂದು ಮೂರು ಸಲ ಕೇಳಿದ.

ನನ್ನ ಖೋಲಿಯ ಮುಂದೆ ನಿಂತು ಆಕೆ ಹೇಳಿದ್ದು ಇಷ್ಟು: "ಇದ ಹಾಸಗಿ ಅಲ್ಲೋ ತಮ್ಮಾ, ಸಂತಿ ಮುಗದ ಬೈಲು. ಇಲ್ಲೊಂದ ಕೋಳಿ ಬಿಟ್ರ ಹೊಟ್ಟಿ ತುಂಬ ಮೇದು ಮಲಗ್ತದ." ಅದರಲ್ಲಿ ಅತಿಶಯೋಕ್ತಿ ಏನೂ ಇರಲಿಲ್ಲ. ಕಚೇರಿಯಲ್ಲಿ ನನ್ನ ಗೆರೆ ಕೂದಲೆಳೆಯಷ್ಟೂ ಸೊಟ್ಟಗಾಗುತ್ತಿರಲಿಲ್ಲ, ಸಾಹೇಬರು ನಾಲ್ಕು ಜನಕ್ಕೆ ತೋರಿಸಿ ಹೊಗಳುತ್ತಿದ್ದರು. ಖೋಲಿಯಲ್ಲಿ ಹಾಸಿಗೆಯ ಮೇಲೇ ಊಟ, ಹಾಸಿಗೆಯ ಮೇಲೇ ಪೆನ್ಸಿಲ್ ಹೆರೆಯುವುದು, ಒದ್ದೆ ಟವೆಲ್, ಅವಲಕ್ಕಿ ಚೂಡಾದ ಪುಡಿ, ಒಂದು ಸಲ ಒಂದು ಚಪ್ಪಲಿ ಕೂಡ. ಒಂದೇ ಚಪ್ಪಲಿ ಹೇಗೆ ಬಂತು ಎಂದು ಇವತ್ತಿಗೂ ನನಗೆ ತಿಳಿದಿಲ್ಲ. ತಲೆಗೆ ಸುರಿದುಕೊಳ್ಳುತ್ತಿದ್ದ ಕೊಬ್ಬರಿಎಣ್ಣೆಯಿಂದ ನನ್ನ ದಿಂಬು ಯಾವಾಗಲೂ ಹಸಿಹಸಿ.

ಆಕೆ ಕಂಡದ್ದನ್ನೆಲ್ಲ ಊರಿಗೆ ಸಾರುತ್ತಿರಲಿಲ್ಲ, ಅದನ್ನೂ ಹೇಳಬೇಕು. ಮೈಸೂರ ಕಡೆಯ ಒಬ್ಬ ಎಳೆಯ ಮಾಸ್ತರ ಬಂದಿದ್ದ, ಯಾರ ಜೊತೆಗೂ ಮಾತಿಲ್ಲ. ಒಂದು ಬೆಳಿಗ್ಗೆ ಆಯಿ ಅವನ ಖೋಲಿಯಿಂದ ಬಂದವಳು ತೀರ್ಪು ಕೊಡದೆ ನೇರ ಖಾನಾವಳಿಗೆ ಹೋಗಿ, "ಆ ಹುಡುಗಗ ಎರಡ ದಿನ ರೊಟ್ಟಿ ಬ್ಯಾಡ, ಅನ್ನ ಸಾರ ಹಾಕ್ರಿ," ಎಂದಳು. ನಾನು ಹಿಂದೆ ಬಿದ್ದು ಕೇಳಿದ್ದಕ್ಕೆ ದನಿ ಇಳಿಸಿದಳು: "ದಿಂಬಿಗಿ ಉಪ್ಪ ಹತ್ಯಾದೋ. ಯಾರ ಮುಂದ ಅನಬ್ಯಾಡ."

ಇಂಥ ವಿದ್ಯೆ ಇದ್ದ ಮೇಲೆ ಅದಕ್ಕೆ ಗಿರಾಕಿಗಳು ಹುಟ್ಟುವುದು ಸಹಜ. ಸುತ್ತಲಿನ ಊರುಗಳಲ್ಲಿ ಹೆಣ್ಣು ಹೆತ್ತವರಿಗೆ ನೌಕರಿಯ ವರ ಬೇಕು. ನೌಕರಿಯ ವರಗಳೆಲ್ಲ ಆ ಎಂಟು ಖೋಲಿಗಳಲ್ಲಿ ಮಲಗಿದ್ದಾರೆ. ಅವರು ಹೇಗೆ ಮಲಗಿದ್ದಾರೆ ಎಂದು ಬಲ್ಲವಳು ಆಯಿ. ನೆಲೋಗಿಯಿಂದ, ಅಂದೋಲಾದಿಂದ ರುಮಾಲು ಸುತ್ತಿದ ಯಜಮಾನರು ಬಸ್ಸಿಳಿದು, ಮುಂಬಾಗಿಲು ಬಿಟ್ಟು ಹಿಂಬಾಗಿಲಿಗೆ ಬರುವರು. ಅಲ್ಲಿ ದೊಡ್ಡ ಹಂಡೆಯಲ್ಲಿ ಬೇವಿನ ಸೊಪ್ಪು, ಸೋಡಾ ಹಾಕಿ ಚಾದರ ಕುದಿಸುತ್ತ ಆಯಿ ಕುಳಿತಿರುವಳು. ಕೈಯಲ್ಲಿದ್ದ ಒಂದು ಬಾರು ಬಟ್ಟೆ ಸಾಬೂನನ್ನು ಆಕೆಯ ಮುಂದಿಟ್ಟು ಖೋಲಿಯ ನಂಬರು ಹೇಳುವರು. ಆಯಿ ಸಾಬೂನನ್ನು ದಾರ ಹಾಕಿ ಎರಡು ತುಂಡು ಮಾಡಿದರೆ ಹುಡುಗ ಆಗಬಹುದು ಎಂದು ಅರ್ಥ. ಹಿಂದಕ್ಕೆ ಕೊಟ್ಟರೆ ಮುಗಿಯಿತು, ಮುಂದಿನ ಬಸ್ಸು ಹಿಡಿಯಬೇಕು.

"ಮನಿತನ ಛಲೋ ಅದ, ನೌಕರಿ ಛಲೋ ಅದ," ಎಂದು ಒಬ್ಬರು ವಾದಿಸಿದ್ದನ್ನು ನಾನೇ ಕೇಳಿದ್ದೇನೆ.

"ನಿಮ್ಮ ಮುಂದ ಬಂದ ಕುಂತಾಗ ಎಲ್ಲಾರೂ ಛಲೋನೇ ಇರ್ತಾರ್ರಿ ಯಜಮಾನ್ರ. ಮಲಗಿ ಎದ್ದ ಮ್ಯಾಲ ನಾ ನೋಡ್ತೇನಿ."

ಬ್ಯಾಂಕಿನ ಒಬ್ಬ ಹುಡುಗನನ್ನು ಆಯಿ ಬೇಡವೆಂದಾಗ ಊರಿಗೆ ಊರೇ ಆಶ್ಚರ್ಯಪಟ್ಟಿತು. ಇಸ್ತ್ರಿ ಅಂಗಿ, ನಯವಾದ ಮಾತು, ಹಾಸಿಗೆಯ ಮೇಲೆ ಒಂದು ಕಲೆಯಿಲ್ಲ. ಎರಡು ತಿಂಗಳಾದ ಮೇಲೆ ಅವನ ಹೆಂಡತಿ ಕೂಸನ್ನು ಎತ್ತಿಕೊಂಡು ಬಸ್ಸಿಳಿದಳು. "ಅಲ್ಲ ಆಯಿ, ನಿನಗ ಹ್ಯಾಂಗ ಗೊತ್ತಾತು?" ಎಂದರು ಮ್ಯಾನೇಜರ್. "ದಿನಾ ಅರ್ಧ ಮಂಚದಾಗ ಮಲಗ್ತಿದ್ದ, ಅರ್ಧ ಖಾಲಿ ಬಿಡ್ತಿದ್ದ. ಒಬ್ಬಾವನ ಮಲಗಿ ರೂಢಿ ಇರಲಿಲ್ಲ ಅವಗ," ಎಂದಳು. ಅಲ್ಲಿಂದ ಮುಂದೆ ಜೇವರ್ಗಿ ತಾಲೂಕಿನಲ್ಲಿ ಆಯಿಯ ಮಾತಿಗೆ ಎದುರು ಮಾತಿರಲಿಲ್ಲ.

ಈಗ ನನ್ನ ಪಾಡು ಕೇಳಿ. ಕಚೇರಿಯ ಗೆಳೆಯನೊಬ್ಬನ ಮದುವೆಗೆಂದು ಅಂದೋಲಾಕ್ಕೆ ಹೋಗಿದ್ದೆ. ಪಂಕ್ತಿಯಲ್ಲಿ ಒಬ್ಬ ಹುಡುಗಿ ಶೇಂಗಾ ಹೋಳಿಗೆ ಬಡಿಸುತ್ತಿದ್ದಳು. "ಇನ್ನೊಂದ ಹಾಕ್ಲೇನ್ರಿ?" ಎಂದಳು. ಬೇಡ ಎನ್ನಲು ನಾಲಿಗೆ ಬರಲಿಲ್ಲ. ಹಾಗೆ ನಾಲ್ಕಾದವು. ನಾಲ್ಕನೆಯದಕ್ಕೆ ಹಾಕಿದ ತುಪ್ಪ ಎಲೆಯಿಂದ ಜಾರಿ ನನ್ನ ಅಂಗಿಯ ಮೇಲೆ ಇಳಿಯಿತು, ನಾನು ಅವಳ ಮುಖ ನೋಡುತ್ತ ಕುಳಿತಿದ್ದೆ. ಅವಳು ಆ ಕಡೆ ತಿರುಗಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಷ್ಟೇ ನೋಡಿ, ನನ್ನ ಜೀವ ಅಂದೋಲಾದಲ್ಲೇ ಉಳಿಯಿತು. ಆಳಂದಕ್ಕೆ ಹೋಗಿ ದೊಡ್ಡವ್ವನ ಕಾಲು ಹಿಡಿದೆ. ದೊಡ್ಡವ್ವ ಹೇಳಿಕಳಿಸಿದಳು. ಹುಡುಗಿಯ ತಂದೆಯಿಂದ ಉತ್ತರ ಬಂತು: "ವಿಚಾರ ಮಾಡಿ ಹೇಳ್ತೇವ್ರಿ."

ವಿಚಾರ ಎಂದರೆ ಏನು, ಯಾರ ಹತ್ತಿರ, ಎಲ್ಲ ನನಗೆ ಗೊತ್ತಿತ್ತು. ಒಂದು ವಾರಕ್ಕೆ ಮ್ಯಾನೇಜರ್ ಮೆಲ್ಲಗೆ ಕಿವಿಯಲ್ಲಿ ಹೇಳಿದರು: "ಬರೂ ಐತಾರ ಅಂದೋಲಾದ ಯಜಮಾನ್ರು ಆಯಿ ಕಡಿ ಬರ್ತಾರಂತ. ನಿಮ್ಮ ಹಾಸಗಿ ಹ್ಯಾಂಗದ?" ಮುಂದೆ ಎಂಟು ದಿನವಿತ್ತು.

ಆಕೆಯ ಮುಂದೆ ಹೋಗಿ ಕೈಮುಗಿಯಬಹುದಿತ್ತು. ಬುದ್ಧಿ ಎಲ್ಲಿತ್ತು? ಅಂದೇ ಚಾದರ ಹೊಸದು ಹಾಕಿಸಿಕೊಂಡು, ನಕ್ಷೆಯ ಪಟ್ಟಿಯಿಂದ ಅದರ ಸುಕ್ಕು ತೀಡಿ, ಇನ್ನು ಐತವಾರದ ತನಕ ಇದರ ಮೇಲೆ ಕೂಡುವುದೇ ಇಲ್ಲ ಎಂದು ಶಪಥ ಮಾಡಿದೆ. ಮಂಚ ಮತ್ತು ಗೋಡೆಯ ನಡುವೆ ಬರಿಯ ಶಹಾಬಾದ ಕಲ್ಲಿನ ನೆಲದ ಮೇಲೆ ಮಲಗಿದೆ, ದಿಂಬೂ ಇಲ್ಲ. ಬೆಳಿಗ್ಗೆ ಎದ್ದರೆ ಕುತ್ತಿಗೆ ಒಂದೇ ಕಡೆ ತಿರುಗುತ್ತಿತ್ತು. ಕಚೇರಿಯಲ್ಲಿ ಸಾಹೇಬರು ಎಡಕ್ಕೆ ನಿಂತು ಮಾತಾಡಿದರೆ ಕುರ್ಚಿ ಸಮೇತ ತಿರುಗಬೇಕಾಗಿತ್ತು. ನಾಲ್ಕನೆಯ ದಿನ ನೋಡುತ್ತೇನೆ, ತಲೆಯಿಡುವ ಜಾಗದಲ್ಲಿ ಕಲ್ಲು ಎಣ್ಣೆ ಕುಡಿದು ಗುಂಡಗೆ ಕಪ್ಪಾಗಿದೆ. ಉಜ್ಜಿದೆ, ಹೋಗಲಿಲ್ಲ. ಹಗಲಲ್ಲಿ ಟ್ರಂಕು ಎಳೆದು ಅದರ ಮೇಲಿಟ್ಟೆ.

ಐತವಾರ ಮೇಲಿನ ಪಡಸಾಲೆಯ ಕಂಬದ ಹಿಂದೆ ನಿಂತು ನೋಡಿದೆ. ಅಂದೋಲಾದ ಯಜಮಾನರು ಬಂದರು, ಸಾಬೂನು ಇಟ್ಟರು, ಮಾತಾಡಿದರು. ಆಯಿ ಎರಡು ಮಾತು ಹೇಳಿ ಸಾಬೂನು ಎತ್ತಿ ಅವರ ಕೈಗೇ ಕೊಟ್ಟಳು. ಅವರು ಅದನ್ನು ಚೀಲಕ್ಕೆ ಹಾಕಿಕೊಂಡು ತಲೆ ತಗ್ಗಿಸಿ ಹೋದರು.

ಮ್ಯಾನೇಜರ್ ಹತ್ತಿಬಂದರು. ಅವರ ಮುಖವೂ ಸಣ್ಣಗಾಗಿತ್ತು. "ಹುಡುಗ ಎಂಟ ದಿನದಿಂದ ರಾತ್ರಿ ಖೋಲ್ಯಾಗ ಮಲಗಿಲ್ಲ ಅಂತ ಹೇಳ್ಯಾಳ್ರಿ. ಎಲ್ಲಿ ಹೋಗ್ತಿದ್ರಿ?"

ರಾತ್ರಿ ಖೋಲಿಯಲ್ಲಿ ಮಲಗದ ಒಂಟಿ ಗಂಡಸು ಎಲ್ಲಿ ಮಲಗಿದ್ದ ಎಂಬ ಪ್ರಶ್ನೆಗೆ ಮರ್ಯಾದೆಯ ಉತ್ತರ ಒಂದೂ ಇಲ್ಲ. ನಾನು ಮೆಟ್ಟಿಲು ಇಳಿಯಲಿಲ್ಲ, ಉರುಳಿದೆ ಎನ್ನಬೇಕು.

"ಆಯಿ! ಏನ್ ಹೇಳಿದಿ ನೀ ಅವರಿಗಿ?"

ಆಕೆ ಚಾದರ ಹಿಂಡುತ್ತ ತಲೆ ಎತ್ತಲಿಲ್ಲ. "ಕಂಡಿದ್ದ ಹೇಳೇನಿ. ಎಂಟ ದಿನ ಚಾದರಿಗಿ ಒಂದ ಸುಕ್ಕ ಬಿದ್ದಿಲ್ಲ. ಮೊದಲ ಹೊಲಸಿದ್ದಿ, ಖರೇ ಮನಷ್ಯಾ ಇದ್ದಿ. ಹೊಲಸಾದ್ರ ಹೊಲಸು, ನಿನ್ನ ಮ್ಯಾಲ ನನಗ ಜೀವ ಇತ್ತು. ಎಲ್ಲಿಗಿ ಹೋಗ್ತಿ ರಾತ್ರಿ? ನನಗ ಹೇಳಬ್ಯಾಡ, ನಿಮ್ಮವ್ವಗ ಹೇಳು."

"ಎಲ್ಲೂ ಹೋಗಿಲ್ಲಬೇ! ನೆಲದ ಮ್ಯಾಲ ಮಲಗೇನಿ. ಹಾಸಗಿ ಹೊಲಸ ಆಗ್ತದಂತ, ನೀ ನೋಡ್ತಿ ಅಂತ!"

ಆಯಿಯ ಕೈ ನಿಂತಿತು. ನಂಬಿದಳೆಂದಲ್ಲ. ಸೀದಾ ಎದ್ದು ಮೇಲೆ ಹತ್ತಿದಳು, ಹಿಂದೆ ನಾನು, ನನ್ನ ಹಿಂದೆ ಮ್ಯಾನೇಜರ್. ಖೋಲಿಯಲ್ಲಿ ನಾನು ಟ್ರಂಕು ಎಳೆದೆ. ಆಕೆ ಕುಕ್ಕರಗಾಲಲ್ಲಿ ಕುಳಿತು ಆ ಕಪ್ಪು ಗುರುತಿನ ಮೇಲೆ ಬೆರಳಾಡಿಸಿದಳು, ಮೂಸಿದಳು. ನನ್ನ ಕೊಬ್ಬರಿಎಣ್ಣೆ ಆಕೆಗೆ ಗೊತ್ತಿರದೆ ಇರುತ್ತದೆಯೇ, ಎಷ್ಟು ತಿಂಗಳಿಂದ ನನ್ನ ದಿಂಬು ತಿಕ್ಕುತ್ತಿದ್ದಳು! ನನ್ನ ಸೆಟೆದ ಕುತ್ತಿಗೆಯನ್ನೊಮ್ಮೆ ನೋಡಿದಳು.

"ಅಯ್ಯ ಹುಚ್ಚಪ್ಯಾಲಿ! ಹಾಸಗಿ ಇರೂದ ಮಲಗಿ ಹೊಲಸ ಮಾಡಾಕೋ. ಒಗಿಯಾಕ ನಾ ಇಲ್ಲೇನು?"

ಬೈದಳು, ಆದರೆ ದನಿಯಲ್ಲಿ ಎಂದಿನ ಜೋರಿರಲಿಲ್ಲ. ಹಾಗೇ ನೆಲದ ಮೇಲೆ ಕುಳಿತು ಮ್ಯಾನೇಜರಿಗೆ ಹೇಳುವಂತೆ, ತನಗೆ ತಾನೇ ಹೇಳಿಕೊಳ್ಳುವಂತೆ ಅಂದಳು: "ಟ್ರಂಕ ಇಲ್ಲಿಗಿ ಬಂದಾಗಿಂದ ನಾ ಸರಿಸಿಲ್ರಿ. ನಡಾ ಹಿಡದಿತ್ತು, ಸುತ್ತ ಒರಸಿ ಬಿಟ್ಟೆ. ಸರಿಸಿ ಒರಸಿದ್ರ ಇದು ಮೊದಲನೇ ದಿನಾನೇ ಕಾಣತಿತ್ತು." ಯಾರ ಖೋಲಿಯಲ್ಲಾದರೂ ಸಾಮಾನು ಸರಿಸದೆ ಒರೆಸಿದರೆ ಅದು ಒರೆಸಿದ್ದೇ ಅಲ್ಲ ಎಂದು ಊರಿಗೆಲ್ಲ ಹೇಳುತ್ತಿದ್ದವಳು ಆಕೆ.

"ಈಗ ಏನ ಮಾಡೂದು ಆಯಿ?" ಎಂದೆ. ನನ್ನ ದನಿ ಅಳುವಿನಂತೆಯೇ ಇತ್ತು.

"ನೀ ಇವತ್ತ ಮಂಚದ ಮ್ಯಾಲ ಮಲಗು. ಉಳದದ್ದು ಕೇಳಬ್ಯಾಡ," ಎಂದು ಎದ್ದು ಹೋದಳು.

ಮರುದಿನ ಆಯಿ ಕೆಲಸಕ್ಕೆ ಬರಲಿಲ್ಲ. ನಾನು ಕಂಡಂತೆ ಅದು ಮೊದಲ ಸಲ. ಗಾದಿಗಳು ಮಾಳಿಗೆ ಹತ್ತಲಿಲ್ಲ, ಹಂಡೆ ತಣ್ಣಗಿತ್ತು. "ಊರಿಗಿ ಹೋಗ್ಯಾಳ," ಎಂದರು ಮ್ಯಾನೇಜರ್. ಖಜೂರಿಗಿರಬೇಕು ಎಂದುಕೊಂಡೆ. ಒಂದು ವಾರ ನಾನು ಊಟ ಬಿಟ್ಟು ಹುಚ್ಚನಂತೆ ತಿರುಗಿದೆ. ಆಮೇಲೆ ಆಳಂದದಿಂದ ದೊಡ್ಡವ್ವನ ಕಾಗದ ಬಂತು: ಅಂದೋಲಾದವರು ಒಪ್ಪಿದ್ದಾರೆ, ಹೆಣ್ಣು ನೋಡಲು ಬಾ ಎಂದಿದ್ದಾರೆ. ದೊಡ್ಡವ್ವ ತಾನು ಯಾರು ಯಾರಿಂದ ಹೇಳಿಸಿದೆ, ಹೇಗೆ ಹೇಳಿಸಿದೆ ಎಂದು ಎರಡು ಪುಟ ಬರೆಸಿದ್ದಳು. ನಾನು ನಂಬಿದೆ. ಸಾಯುವ ತನಕ ದೊಡ್ಡವ್ವ ಆ ಕೀರ್ತಿಯನ್ನು ಬಿಟ್ಟುಕೊಡಲಿಲ್ಲ.

ಮದುವೆಗೆ ಆಯಿ ಬರಲಿಲ್ಲ. ಅಂಚು ಹೊಲಿದ ಒಂದು ಬಿಳಿ ಚಾದರ ಕಳಿಸಿದ್ದಳು. ಮದುವೆಯಾದ ಮೇಲೆ ಬಾಡಿಗೆ ಮನೆ ಸಿಕ್ಕಿತು, ಎಷ್ಟು ಕರೆದರೂ ಆಯಿ ಅಲ್ಲಿಗೆ ಬರಲಿಲ್ಲ, ಆದರೂ ನಾನೊಬ್ಬನೇ ಸಂಜೆ ಲಾಡ್ಜಿನ ಹಿಂದೆ ಹಂಡೆಯ ಹತ್ತಿರ ಹೋಗಿ ಕೂಡುವುದನ್ನು ಬಿಡಲಿಲ್ಲ. ಆಗ ಒಂದು ಮಾತು ನನ್ನ ಗಮನಕ್ಕೆ ಬಂತು. ರುಮಾಲಿನ ಯಜಮಾನರು ಯಾರೂ ಹಿಂಬಾಗಿಲಿಗೆ ಬರುತ್ತಿರಲಿಲ್ಲ.

"ಯಾಕ ಆಯಿ, ನಿನ್ನ ಕೇಳಾಕ ಯಾರೂ ಬರವಲ್ರು?"

"ಈಗಿನ ಮಂದಿಗಿ ನಾ ಯಾಕ ಬೇಕೋ? ಫೋಟೋ ನೋಡಿ ಹೆಣ್ಣ ಕೊಡ್ತಾರ," ಎಂದು ಬೆಂಕಿಗೆ ಕಟ್ಟಿಗೆ ತುರುಕಿದಳು. ಕಾಲ ಬದಲಾಯಿತು ಎಂದುಕೊಂಡು ಚಹಾ ಕುಡಿದು ಬಂದೆ. ನನ್ನಂಥ ದಡ್ಡನಿಗೆ ನಕ್ಷೆ ಬರೆಯುವ ಕೆಲಸ ಯಾರು ಕೊಟ್ಟರೋ.

ಆಮೇಲೆ ನನಗೆ ಅಫಜಲಪುರಕ್ಕೆ ವರ್ಗವಾಯಿತು. ಹತ್ತು ಹನ್ನೆರಡು ವರ್ಷ ಕಳೆದವು. ನನ್ನ ಹೆಂಡತಿಯ ಕೈಯಲ್ಲಿ ಬಿದ್ದು ನಾನು ಮನುಷ್ಯನಾದೆ. ಒದ್ದೆ ಟವೆಲ್ ದಾರದ ಮೇಲೆ ಹಾಕುವುದನ್ನು ಕಲಿತೆ, ಹಾಸಿಗೆಯ ಮೇಲೆ ಚೂಡಾ ತಿನ್ನುವುದನ್ನು ಬಿಟ್ಟೆ. ಹಳೆಯ ಗೆಳೆಯನ ಮನೆಯ ಕಾರ್ಯಕ್ಕೆಂದು ಜೇವರ್ಗಿಗೆ ಹೋದಾಗ ಆ ಲಾಡ್ಜಿನಲ್ಲೇ ಇಳಿಯೋಣ ಎಂದು ಹಟ ಹಿಡಿದವಳು ಅವಳೇ. ಆಯಿ ಬಗ್ಗಿದ್ದಳು, ಕೂದಲು ಹಣ್ಣಾಗಿತ್ತು. ಮೆಟ್ಟಿಲ ಮೇಲೆ ನಮ್ಮನ್ನು ನೋಡಿ, "ಕಾಲ ತೊಳದೀರೇನು?" ಎಂದ ಮೇಲೇ ನನ್ನ ಹೆಂಡತಿಯ ಗಲ್ಲ ಹಿಡಿದು ಮುದ್ದಿಟ್ಟಳು. ಇಬ್ಬರೂ ಒಬ್ಬರನ್ನೊಬ್ಬರು ಮೊದಲೇ ಬಲ್ಲವರಂತೆ ನಿಂತದ್ದು ನನಗೆ ಕಂಡಿತು, ಯಾಕೆಂದು ಕೇಳಲು ಹೊಳೆಯಲಿಲ್ಲ.

ಬೆಳಿಗ್ಗೆ ಹೊರಡುವಾಗ ಆಯಿ ಖೋಲಿಗೆ ಬಂದಳು. ನಾನು ಎದೆಯುಬ್ಬಿಸಿ ಮಂಚದ ಪಕ್ಕ ನಿಂತೆ. ಇಷ್ಟು ವರ್ಷಕ್ಕೆ ನನ್ನ ಹಾಸಿಗೆ ತೋರಿಸುವಂತಿತ್ತು.

"ಬಾ ಆಯಿ, ನೋಡು. ಏನನ್ನತದ ಚಾದರ?"

ಆಕೆ ಮಂಚದ ಕಡೆ ನೋಡಲೇ ಇಲ್ಲ. ಮುಖ ಕಿಟಕಿಯ ಕಡೆ ತಿರುಗಿಸಿಕೊಂಡೇ ಚಾದರದ ನಾಲ್ಕೂ ಮೂಲೆ ಎಳೆದು ಸುರುಳಿ ಸುತ್ತಿ ಕಂಕುಳಿಗೆ ಸಿಕ್ಕಿಸಿದಳು. "ಕಣ್ಣ ಮಂಜ ಆಗ್ಯಾವೋ ತಮ್ಮಾ, ಏನೂ ಕಾಣಂಗಿಲ್ಲ," ಎಂದಳು. ಹಾಗೆನ್ನುತ್ತಲೇ ಬಗ್ಗಿ, ಮೂಲೆಯಲ್ಲಿ ಬಿದ್ದಿದ್ದ ಒಂದು ಸಾಸಿವೆ ಕಾಳನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಹೊರಗೆ ಹೋದಳು.

ಬಸ್ಸು ಹೊರಟ ಮೇಲೆ ನಾನು ಅದನ್ನೇ ಆಡುತ್ತಿದ್ದೆ. ಸಾಸಿವೆ ಕಾಣುತ್ತದಂತೆ, ಚಾದರ ಕಾಣುವುದಿಲ್ಲವಂತೆ. ನನ್ನ ಹೆಂಡತಿ ನನ್ನ ಕಡೆ ತಿರುಗಿದಳು.

"ಆಕಿ ನಮ್ಮ ಮನಿಗಿ ಬಂದಿದ್ಳು," ಎಂದಳು. "ನೀವು ನೆಲದ ಮ್ಯಾಲ ಮಲಗಿದ್ರಲಾ, ಆವಾಗ. ನಿಮಗ ಹೇಳಬ್ಯಾಡ ಅಂತ ನನ್ನ ಕೈಯಾಗ ಆಣಿ ಹಾಕಿಸಿದ್ಳು. ಇಷ್ಟ ದಿನ ಇಟ್ಕೊಂಡೆ, ಇನ್ನ ಆಗಂಗಿಲ್ಲ."

ಅಂದು ಮನೆಯ ಕಟ್ಟೆಯ ಮೇಲೆ ಅವಳ ತಂದೆ ನಾಲ್ಕು ಜನ ಹಿರಿಯರ ಜೊತೆ ಕುಳಿತಿದ್ದರಂತೆ. ಆಯಿ ಅಂಗಳದಲ್ಲಿ ನಿಂತು, ಕೊಟ್ಟ ನೀರನ್ನೂ ಮುಟ್ಟದೆ ಹೇಳಿದಳಂತೆ: "ನಾ ತಪ್ಪ ಹೇಳೇನ್ರಿ ಯಜಮಾನ್ರ. ಹುಡುಗ ಖೋಲಿ ಬಿಟ್ಟ ಎಲ್ಲೂ ಹೋಗಿಲ್ಲ." ತಂದೆ ಸಿಟ್ಟಿಗೆದ್ದರು: "ನಿನ್ನಿ ಒಂದು, ಇವತ್ತೊಂದು! ಹುಡುಗ ಏನ್ ತಿನಸಿ ಕಳಿಸ್ಯಾನ ನಿನಗ?" ಹಿರಿಯರು ನಕ್ಕರು.

"ಅದಕ್ಕ ಆಕಿ ಏನಂದ್ಳು ಗೊತ್ತದನ್ರಿ? 'ನನ್ನ ಮಾತ ಹೋತು, ನನಗ ತಿಳೀತದ. ಇನ್ನ ಮ್ಯಾಲ ಯಾರ ಹಾಸಗೀನೂ ನಾ ನೋಡಂಗಿಲ್ಲ, ಯಾರೂ ನನ್ನ ಕೇಳಾಕ ಬರಬ್ಯಾಡ್ರಿ. ಇದು ಕಡೀ ಮಾತು. ಆ ಹುಡುಗ ಹೊಲಸ ಅದಾನ್ರಿ, ಬಾಳ ಹೊಲಸ ಅದಾನ. ಒಗದ್ರ ಹೋಗೂ ಹೊಲಸು. ಹೆಣ್ಣ ಕೊಡ್ರಿ.' ಹಂಗಂದು ತಿರುಗಿ ಹೋದ್ಳು. ನಾ ಹಿತ್ತಲದಿಂದ ಓಡಿ ಹೋಗಿ ಆಕಿನ್ನ ಬಸ್ಸಿನ ತನಕ ಕಳಸಿ ಬಂದೆ."

"ನಿಮ್ಮಪ್ಪ ನಂಬಿದ್ರಾ?"

"ಎಲ್ಲೀದು! ಅಪ್ಪ ನಂಬಲಿಲ್ಲ, ನಾ ನಂಬಿದೆ. ಮೂರ ದಿನ ಉಣ್ಣಲಿಲ್ಲ ನಾ, ಆಮ್ಯಾಲ ಒಪ್ಪಿದ್ರು."

"ನೀ ಹ್ಯಾಂಗ ನಂಬಿದಿ?"

"ರೊಕ್ಕ ತಿಂದ ಸುಳ್ಳ ಹೇಳಾಕ ಬಂದಾಕಿ, ಹುಡುಗ ಬಾಳ ಹೊಲಸ ಅದಾನ ಅಂತಾಳೇನ್ರಿ?"

ಎದ್ದು ನಿಂತು ಕಂಡಕ್ಟರನನ್ನು ಕೂಗಲು ಹೋದೆ. ಹೆಂಡತಿ ಅಂಗಿ ಹಿಡಿದು ಜಗ್ಗಿದಳು.

"ಇಳದ ಹೋಗಿ ಏನಂತೀರಿ?"

"ಚಾದರ ನೋಡಂತೇನಿ. ಒಂದ ಸಲ ನೋಡಿ ಹೇಳಲಿ. ಯಾರ ಬ್ಯಾಡಂತಾರ ಈಗ?"

"ನೋಡಂಗಿಲ್ರಿ ಆಕಿ," ಎಂದಳು ನನ್ನ ಹೆಂಡತಿ. "ನಿಮ್ಮ ಸಲುವಾಗಿ ಮಾತ ಕೊಟ್ಟ ಬಂದಾಳ."